ಹಳೆಯ ಕಾರಿಗೆ ಹೊಸ ಮಾನದಂಡ

ವಿಜಯದಶಮಿಗೆ ಕೊಲ್ಹಾಪುರದ ಅರಮನೆಯ ಮೇಬ್ಯಾಕ್ ಕಾರು ದಸರಾ ಚೌಕಕ್ಕೆ ಬರುವುದನ್ನು ನಿಪ್ಪಾಣಿ, ಚಿಕ್ಕೋಡಿಯ ಜನ ಬಲ್ಲರು. ಅಂಥ ವಾಹನವನ್ನು ಉಳಿಸುವುದೂ ಒಂದು ವಿದ್ಯೆ.

ಅಮೆರಿಕದ ಪೆಬಲ್ ಬೀಚ್ ಸ್ಪರ್ಧೆಯಲ್ಲಿ ಮೊದಮೊದಲು ಹೊಸ ಕಾರುಗಳೇ ಗೆಲ್ಲುತ್ತಿದ್ದವು. 1955ರಲ್ಲಿ ಫಿಲ್ ಹಿಲ್ ಜೀರ್ಣೋದ್ಧಾರ ಮಾಡಿದ 1931ರ ಪಿಯರ್ಸ್-ಆ್ಯರೊ ಅಗ್ರಪ್ರಶಸ್ತಿ ಪಡೆಯಿತು. ಮುಂದೆ ಆ ಸ್ಪರ್ಧೆಯೇ ಈ ಹವ್ಯಾಸದ ಒರೆಗಲ್ಲಾಯಿತು. 2008ರಲ್ಲಿ ಮುಂಬೈಯಲ್ಲಿ ಆರಂಭವಾದ ಕಾರ್ಟಿಯೆ ಸ್ಪರ್ಧೆ ಅದೇ ಶಿಸ್ತನ್ನು ನಮ್ಮಲ್ಲಿಗೆ ತಂದಿತು: ಬಣ್ಣದ ಹೊಳಪೊಂದೇ ಸಾಲದು, ಮೂಲರೂಪಕ್ಕೆ ನಿಷ್ಠೆಯಿರಬೇಕು. 2021ರ ಕೇಂದ್ರ ನಿಯಮವೂ 50 ವರ್ಷ ಮೀರಿದ, ಮೂಲಸ್ವರೂಪ ಉಳಿಸಿಕೊಂಡ ವಾಹನಗಳಿಗೆ ಪ್ರತ್ಯೇಕ ನೋಂದಣಿ ಕಲ್ಪಿಸಿತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇದು ಕೌಶಲದ ಪ್ರಶ್ನೆ. ಅಥಣಿ, ರಾಯಬಾಗ, ಕಾಗವಾಡಗಳ ಹಳೆಯ ಜೀಪುಗಳು ಗುಜರಿಗೆ ಹೋದರೆ ಮರಳಿ ಬಾರವು. ಅವನ್ನು ಬಿಚ್ಚಿ ಜೋಡಿಸಬಲ್ಲ ಹಿರಿಯ ಮಿಸ್ತ್ರಿಗಳ ಕೈವಿದ್ಯೆಯೂ ಅಷ್ಟೆ. ಅವರಿರುವಾಗಲೇ ಐಟಿಐಗಳು ಅದನ್ನು ಕಲಿಸಲಿ.