ಪ್ರಮಾಣಪತ್ರದ ಭಾರ ಹೊತ್ತ ಪುಟ್ಟ ವಿಮಾನಗಳು

ಎರಡು ಅಥವಾ ನಾಲ್ಕು ಆಸನಗಳ ಖಾಸಗಿ ವಿಮಾನಗಳ ಸುರಕ್ಷತಾ ಪ್ರಮಾಣೀಕರಣ ದುಬಾರಿಯಾದರೆ ನಮಗೇನು ಎಂದು ಓದುಗರು ಕೇಳಬಹುದು. ವಿಮಾನ ಕೊಳ್ಳಬಲ್ಲವನು ಆ ವೆಚ್ಚವನ್ನೂ ಭರಿಸಲಿ ಎಂಬುದು ಸಹಜವಾದ ಮಾತೇ. ಆದರೆ ಇಲ್ಲಿರುವುದು ಶ್ರೀಮಂತರ ಹವ್ಯಾಸದ ಪ್ರಶ್ನೆಯಲ್ಲ. ಸುರಕ್ಷತೆಗೆಂದು ರೂಪಿಸಿದ ನಿಯಮವೇ ಸುರಕ್ಷತೆಗೆ ಅಡ್ಡಿಯಾಗುವ ವೈಪರೀತ್ಯದ ಪ್ರಶ್ನೆ.

ಅಮೆರಿಕದ ಅನುಭವವನ್ನು ನೋಡಿ. ಅಲ್ಲಿನ ಕಾರ್ಖಾನೆಗಳಿಂದ 1978ರಲ್ಲಿ 17,000ಕ್ಕೂ ಹೆಚ್ಚು ಖಾಸಗಿ ಹಾಗೂ ತರಬೇತಿ ವಿಮಾನಗಳು ಹೊರಬಂದವು. 1994ರಲ್ಲಿ ಆ ಸಂಖ್ಯೆ 1,000ಕ್ಕಿಂತ ಕೆಳಗಿಳಿದಿತ್ತು. ಪರಿಹಾರದ ಮೊಕದ್ದಮೆಗಳ ಹೊರೆಯೂ ಇದಕ್ಕೆ ಕಾರಣವೆನ್ನುವುದು ನಿಜ. ಆದರೆ ಬೇಡಿಕೆ ಕುಸಿದಂತೆಲ್ಲ ಪ್ರಮಾಣೀಕರಣದ ಸ್ಥಿರವೆಚ್ಚ ಭಾರವಾಗುತ್ತದೆ. ಸಾವಿರ ವಿಮಾನಗಳಿಗೆ ಹಂಚಿದಾಗ ಹಗುರವೆನಿಸಿದ್ದು, ಐವತ್ತಕ್ಕೆ ಹಂಚಿದಾಗ ಕೊರಳಿಗೆ ಉರುಳು. 1950ರ ದಶಕದ ಸೆಸ್ನಾ 172, ಸುಧಾರಿತ ರೂಪದಲ್ಲಿ, ಇಂದಿಗೂ ತಯಾರಾಗುತ್ತಿರುವುದರ ಹಿಂದೆ ಈ ಲೆಕ್ಕಾಚಾರವೂ ಇದೆ.

ಒಂದು ಉಪಕರಣದ ಕಥೆ ಇನ್ನೂ ಬೋಧಪ್ರದ. ಪುಟ್ಟ ವಿಮಾನಗಳ ಮಾರಕ ಅಪಘಾತಗಳಿಗೆ ಮುಖ್ಯ ಕಾರಣ ಚಾಲಕ ನಿಯಂತ್ರಣ ಕಳೆದುಕೊಳ್ಳುವುದು. ಗಾಳಿಯನ್ನು ಎದುರಿಸುವ ರೆಕ್ಕೆಯ ಕೋನ ಮಿತಿಮೀರಿದರೆ ಎತ್ತುವ ಬಲ ಕುಸಿಯುತ್ತದೆ. ಈ ಕೋನವನ್ನು ತೋರಿಸಿ ಎಚ್ಚರಿಸುವ ಸಾಧನ ಯುದ್ಧವಿಮಾನಗಳಲ್ಲಿ ಬಹುಕಾಲದಿಂದ ಇದೆ. ಸ್ವಂತ ಶೆಡ್ಡಿನಲ್ಲಿ ವಿಮಾನ ಕಟ್ಟಿಕೊಂಡ ಹವ್ಯಾಸಿಯೂ ಅದನ್ನು ಸುಲಭವಾಗಿ ಅಳವಡಿಸಿಕೊಳ್ಳಬಹುದಿತ್ತು. ಕಾರ್ಖಾನೆಯ, ಪ್ರಮಾಣಪತ್ರವುಳ್ಳ ವಿಮಾನದ ಒಡೆಯನಿಗೆ ಮಾತ್ರ ಅನುಮೋದನೆಯ ವೆಚ್ಚ ಅಡ್ಡಬರುತ್ತಿತ್ತು. ಕೊನೆಗೆ 2014ರ ಫೆಬ್ರವರಿಯಲ್ಲಿ ಅಮೆರಿಕದ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್ ವಿಧಾನವನ್ನು ಸರಳಗೊಳಿಸಿತು. ಎಎಸ್‌ಟಿಎಂ ಸಂಸ್ಥೆಯ ಮಾನದಂಡದಂತೆ ಉಪಕರಣ ತಯಾರಾಗಿದೆ ಎಂದು ತಯಾರಕ ಪತ್ರದಲ್ಲಿ ದೃಢೀಕರಿಸಿ ಅನುಮೋದನೆ ಕೋರಿದರೆ ಸಾಕೆಂದಿತು.

ಕಡತಗಳ ನಡುವೆ ಆಯುಷ್ಯ ಸವೆಸಿದ ನನಗೆ ಇದು ಪರಿಚಿತ ವ್ಯಾಧಿ. ಅನುಮತಿ ಕೊಟ್ಟು ಅನಾಹುತವಾದರೆ ಅಧಿಕಾರಿಯ ತಲೆದಂಡ. ಅನುಮತಿ ತಡೆದು ಜೀವ ಹೋದರೆ ಆ ಸಾವಿಗೆ ಕಡತವೇ ಇರುವುದಿಲ್ಲ.

ಹಾಗೆಂದು ತಪಾಸಣೆಯನ್ನೇ ಸಡಿಲಿಸಬೇಕೆಂಬುದು ನನ್ನ ವಾದವಲ್ಲ. ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳ 2018 ಮತ್ತು 2019ರ ದುರಂತಗಳಲ್ಲಿ 346 ಮಂದಿ ಮಡಿದರು. ಪ್ರಮಾಣೀಕರಣದ ಕೆಲಸವನ್ನು ತಯಾರಕರಿಗೇ ಅತಿಯಾಗಿ ಒಪ್ಪಿಸಿದ್ದು ಆಗ ತೀವ್ರ ಟೀಕೆಗೆ ಗುರಿಯಾಯಿತು. ಟಿಕೆಟ್ ಕೊಂಡ ಪ್ರಯಾಣಿಕನಿಗೆ ವಿಮಾನದ ಅಪಾಯವನ್ನು ಅಳೆಯುವ ದಾರಿಯಿಲ್ಲ. ತನ್ನ ವಿಮಾನವನ್ನು ತಾನೇ ನಡೆಸುವವನ ಸ್ಥಿತಿ ಬೇರೆ. 2017ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಅಮೆರಿಕದ ಪರಿಷ್ಕೃತ ನಿಯಮಗಳು ಆಸನಗಳ ಸಂಖ್ಯೆಗೆ ಅನುಗುಣವಾಗಿ ವಿಮಾನಗಳನ್ನು ಶ್ರೇಣೀಕರಿಸಿದವು. ಹೇಗೆ ಕಟ್ಟಬೇಕೆಂಬ ವಿವರಕ್ಕಿಂತ ಯಾವ ಗುಣ ಸಾಧಿಸಬೇಕೆಂಬುದಕ್ಕೆ ಒತ್ತುಕೊಟ್ಟವು. ಹೊಸ ವಿಮಾನವೇನೂ ಇದರಿಂದ ಮಧ್ಯಮ ವರ್ಗದ ಕೈಗೆಟುಕಲಿಲ್ಲ, ಆದರೂ ದಿಕ್ಕು ಸರಿಯಾದುದು.

ಬೆಂಗಳೂರಿಗೂ ಈ ಮಾತು ತಾಗುತ್ತದೆ. ಇಲ್ಲಿನ ಎನ್‌ಎಎಲ್ ರೂಪಿಸಿದ ಎರಡು ಆಸನಗಳ ಹಂಸ 1993ರಲ್ಲಿ ಹಾರಿತು. ಹಂಸ-3ಕ್ಕೆ ಪ್ರಮಾಣಪತ್ರ ದೊರೆತದ್ದು 2000ದಲ್ಲಿ. ತಯಾರಾದವು ಇಪ್ಪತ್ತನ್ನೂ ಮುಟ್ಟಲಿಲ್ಲ. ಹೊಸ ಪೀಳಿಗೆಯ ಹಂಸ-ಎನ್‌ಜಿ 2021ರಲ್ಲಿ ಹಾರಿತು. ತರಬೇತಿಗೆಂದೇ ಇರುವ ಇಂತಹ ವಿಮಾನದ ಸ್ಥಿರವೆಚ್ಚ ಕೊನೆಗೆ ಸೇರುವುದು ಗಂಟೆಯ ಲೆಕ್ಕದಲ್ಲಿ ಶುಲ್ಕ ತೆರುವ ವಿದ್ಯಾರ್ಥಿಯ ಖಾತೆಗೆ. ನಾಳೆ ಅದಕ್ಕೊಂದು ಎಚ್ಚರಿಕೆಯ ಸಾಧನ ಜೋಡಿಸಬೇಕಾದಾಗ ಡಿಜಿಸಿಎ ಕೇಳುವ ಪುರಾವೆ, ಎರಡು ಆಸನಗಳ ವಿಮಾನಕ್ಕೆ ತಕ್ಕಷ್ಟೇ ಇರಲಿ.