ಊಟ ಆಯ್ತಂದ್ರ ಕೈ ಕಿಸೆಕ

ತಂಬಾಕು ಕೆಟ್ಟದ್ದೆಂದು ಗೊತ್ತಿಲ್ಲದವರು ಯಾರೂ ಉದಗೀರದ ನನ್ನ ಹಲ್ಲಿನ ದವಾಖಾನೆಗೆ ಬಂದಿಲ್ಲ. ಪುಡಿಕೆಯ ಮೇಲಿನ ಹುಣ್ಣುಬಾಯಿಯ ಚಿತ್ರ ಎಲ್ಲರೂ ಕಂಡದ್ದೇ. ಆ ಚಿತ್ರವನ್ನೇ ಹರಿದು ಪುಡಿಕೆ ಬಿಚ್ಚುತ್ತಾರೆ.

ಯಾವ ಮಗ್ಗುಲಿಗೆ ಇಡುತ್ತೀರಿ ಎಂದು ನಾನು ಕೇಳುವುದಿಲ್ಲ. ಕೆಳತುಟಿಯ ಒಳಗೆ, ಒಸಡಿನ ಬುಡದಲ್ಲಿ ಬಿಳಿಚಿ ಸುಕ್ಕುಗಟ್ಟಿದ ತೊಗಲೇ ಹೇಳಿಬಿಡುತ್ತದೆ. ಗುಟ್ಕಾ ಹುಡುಗರ ಬಾಯಿಯಾದರೆ ತೆರೆಯುವುದೇ ಕಷ್ಟ. ಅಡಿಕೆಯಿಂದ ಗಲ್ಲದ ಒಳಪದರ ಬಿಗಿದು, ಮೂರು ಬೆರಳು ಹಿಡಿಯಬೇಕಾದಲ್ಲಿ ಒಂದೇ ಹಿಡಿಯುತ್ತದೆ. ಗುಟ್ಕಾ ಮಹಾರಾಷ್ಟ್ರದಲ್ಲಿ 2012ರಿಂದ, ಗಡಿಯಾಚೆ ಕರ್ನಾಟಕದಲ್ಲಿ 2013ರಿಂದ ಬಂದ್. ಕಾಗದದ ಮೇಲೆ. 2016-17ರ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದ ವಯಸ್ಕರಲ್ಲಿ ಬೀಡಿ-ಸಿಗರೇಟು ಸೇದುವವರು ನೂರಕ್ಕೆ ನಾಲ್ವರೂ ಇಲ್ಲ. ಹೊಗೆಯಿಲ್ಲದ ತಂಬಾಕಿನವರು ಮಾತ್ರ ಸುಮಾರು 24. ತವೆಯ ಮೇಲೆ ತಂಬಾಕು ಹುರಿದು ಪುಡಿಮಾಡಿ, ಬೆಳಗ್ಗೆ ಎದ್ದಕೂಡಲೇ ಹಲ್ಲಿಗೆ ಮಿಶ್ರಿ ತಿಕ್ಕುವ ನಮ್ಮ ಅಜ್ಜಿಯರೂ ಈ ಲೆಕ್ಕದಲ್ಲಿದ್ದಾರೆ.

ದೇವಣಿ ಕಡೆಯ ರೈತರೊಬ್ಬರು ಅಲ್ಲಾಡುವ ಹಲ್ಲು ತೋರಿಸಲು ಬಂದಿದ್ದರು. ಕಿಸೆಯಲ್ಲಿ ಎರಡು ಬಾಯಿಯ ಡಬ್ಬಿ: ಒಂದು ಕಡೆ ತಂಬಾಕು, ಇನ್ನೊಂದು ಕಡೆ ಸುಣ್ಣ. ಸುಣ್ಣ ಬರೀ ರುಚಿಗಲ್ಲ. ಅದು ಬಾಯಿಯೊಳಗೆ ಕ್ಷಾರ ಹೆಚ್ಚಿಸುತ್ತದೆ, ಕ್ಷಾರ ಹೆಚ್ಚಿದಷ್ಟೂ ನಿಕೋಟಿನ್ ತೊಗಲು ದಾಟಿ ಬೇಗ ರಕ್ತಕ್ಕಿಳಿಯುತ್ತದೆ. ಯಾವ ರಸಾಯನಶಾಸ್ತ್ರಜ್ಞರೂ ಹೇಳಿಕೊಡದೆ ನಮ್ಮ ಮುತ್ತಜ್ಜಂದಿರು ಇದನ್ನು ಕಂಡುಕೊಂಡಿದ್ದರು.

"ಬಿಡ್ಬೇಕಂತ ಅನಸ್ತದೇನು?" ಎಂದೆ.

"ಎಲ್ಲಾ ಗೊತ್ತದ ತಾಯಿ. ಈಗ ರುಚಿನೂ ಹತ್ತಂಗಿಲ್ಲ. ಆದ್ರ ಊಟ ಆಯ್ತಂದ್ರ ಕೈ ತಾನೇ ಕಿಸೆಕ ಹೋತದ."

ರುಚಿ ಇಲ್ಲ, ತಲಬ್ ಇದೆ. ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್ ವರ್ಷಗಟ್ಟಲೆ ಪ್ರಯೋಗಾಲಯದಲ್ಲಿ ತೋರಿಸಿದ್ದೂ ಇದನ್ನೇ: ಮಿದುಳಿನಲ್ಲಿ ಇಷ್ಟಪಡುವ ವ್ಯವಸ್ಥೆ ಬೇರೆ, ಬೇಕೆನ್ನುವ ವ್ಯವಸ್ಥೆ ಬೇರೆ. ಚಟ ಬೆಳೆದಂತೆ ಎರಡನೆಯದು ಉಬ್ಬುತ್ತದೆ, ಮೊದಲನೆಯದು ಇದ್ದಲ್ಲೇ ಇರುತ್ತದೆ ಅಥವಾ ಬತ್ತುತ್ತದೆ. ಬೇಕೆನ್ನುವುದರ ಹಿಂದೆ ಇರುವುದು ಡೋಪಮೈನ್.

ಕೈ ತಾನೇ ಹೋಗುವುದು ಹೇಗೆ? ಸ್ವಿಟ್ಜರ್‌ಲೆಂಡಿನಲ್ಲಿ ವೊಲ್ಫ್ರಾಮ್ ಶುಲ್ಟ್ಸ್ ಮಂಗಗಳಿಗೆ ಹಣ್ಣಿನ ರಸ ಕುಡಿಸಿ, ಅವುಗಳ ಮಿದುಳಿನ ಡೋಪಮೈನ್ ಕೋಶಗಳಿಗೆ ಕಿವಿಗೊಟ್ಟು ಕೂತರು. ಮೊದಮೊದಲು ರಸ ನಾಲಿಗೆಗೆ ಬಿದ್ದಾಗ ಕೋಶಗಳು ಮಿಡಿದವು. ರಸಕ್ಕೆ ಮುಂಚೆ ಪ್ರತಿಸಲ ಒಂದು ದೀಪ ಹೊತ್ತಿಸತೊಡಗಿದ ಮೇಲೆ ಕೆಲವು ದಿನಗಳಲ್ಲಿ ರಸಕ್ಕೆ ಮಿಡಿತವೇ ಇಲ್ಲ, ದೀಪಕ್ಕೇ ಮಿಡಿತ. ದೀಪ ಹೊತ್ತಿ ರಸ ಬಾರದಿದ್ದರೆ, ಬರಬೇಕಾಗಿದ್ದ ಆ ಕ್ಷಣಕ್ಕೆ ಸರಿಯಾಗಿ ಕೋಶಗಳು ಸುಮ್ಮನಾದವು. ಈ ಕೆಲಸಕ್ಕೆ 2017ರಲ್ಲಿ ಶುಲ್ಟ್ಸ್ ಮತ್ತು ಇನ್ನಿಬ್ಬರು ವಿಜ್ಞಾನಿಗಳಿಗೆ ಬ್ರೈನ್ ಪ್ರೈಜ್ ಸಂದಿತು.

ದೇವಣಿಯ ರೈತರಿಗೆ ದೀಪವೆಂದರೆ ಊಟದ ಮೇಲೆ ಕೈ ತೊಳೆಯುವ ನೀರು. ಅಲ್ಲಿಗೆ ಡೋಪಮೈನ್ ಮಿಡಿಯಿತು, ಕೈ ಹೊರಟಿತು. ಕ್ಯಾನ್ಸರಿನ ವಿಚಾರ ಮಾಡಬೇಕಾದ ಹಣೆಯ ಹಿಂದಿನ ಮಿದುಳು ಎಚ್ಚೆತ್ತುಕೊಳ್ಳುವ ಹೊತ್ತಿಗೆ ತಂಬಾಕು ಅಂಗೈಯಲ್ಲಿ ತಿಕ್ಕಿಸಿಕೊಳ್ಳುತ್ತಿರುತ್ತದೆ. ಹುಡುಗರಲ್ಲಂತೂ ಆ ಭಾಗ ಇಪ್ಪತ್ತು ದಾಟಿದರೂ ಪೂರ್ತಿ ಬಲಿತಿರುವುದಿಲ್ಲ.

ಇನ್ನೊಂದು ತೊಡಕಿದೆ. ಇಂದು 500 ರೂಪಾಯಿ ಬೇಕೋ, ತಿಂಗಳು ಬಿಟ್ಟು 1000 ಬೇಕೋ? ಇಂಥ ಪ್ರಶ್ನೆ ಕೇಳಿದರೆ, ಎಂದೂ ಸೇದದವರಿಗಿಂತ ಸಿಗರೇಟು ಸೇದುವವರು ಇಂದಿನದನ್ನೇ ಹೆಚ್ಚು ಆರಿಸುತ್ತಾರೆಂದು 1999ರ ಒಂದು ಅಮೆರಿಕನ್ ಅಧ್ಯಯನ ತೋರಿಸಿತು. ಸೇದುವುದನ್ನು ಬಿಟ್ಟವರ ಆಯ್ಕೆ ಮಾತ್ರ ಎಂದೂ ಸೇದದವರ ಹಾಗೇ ಇತ್ತು. ಇಪ್ಪತ್ತು ವರ್ಷ ಆಚೆಯ ಕ್ಯಾನ್ಸರನ್ನು ಹಿಡಿದು ಹೆದರಿಸುವ ಭಾಷಣ ಯಾಕೆ ನಾಟುವುದಿಲ್ಲ ಎಂಬುದಕ್ಕೆ ನನಗೆ ಇಲ್ಲಿ ಉತ್ತರ ಸಿಕ್ಕಿತು. ಆದರೂ ಸಾಲಿಗಳಲ್ಲಿ ಅದೇ ಭಾಷಣ ನಡೆದಿದೆ.

ಹಾಗಾದರೆ ಚಟ ಬಿಡಿಸುವುದು ಯಾವುದು? 1971ರಲ್ಲಿ ವಿಯೆಟ್ನಾಂನಿಂದ ಮರಳಿದ ಅಮೆರಿಕದ ಸಿಪಾಯಿಗಳನ್ನು ಸಂಶೋಧಕಿ ಲೀ ರಾಬಿನ್ಸ್ ಬೆನ್ನುಹತ್ತಿ ವಿಚಾರಿಸಿದರು. ಅಲ್ಲಿದ್ದಾಗ ಸುಮಾರು ಐವರಲ್ಲಿ ಒಬ್ಬ ಹೆರಾಯಿನ್‌ನಂಥ ಅಮಲಿಗೆ ದಾಸನಾಗಿದ್ದ. ಊರಿಗೆ ಬಂದ ಮೊದಲ ವರ್ಷ ಅಂಥವರಲ್ಲಿ ಮತ್ತೆ ದಾಸರಾದವರು ನೂರಕ್ಕೆ ಐದರಷ್ಟೇ. ಕಾರಣಗಳು ಹಲವು, ಚಟ ಎಬ್ಬಿಸುತ್ತಿದ್ದ ಜಾಗ, ಜನ, ಹೊತ್ತು ಎಲ್ಲವೂ ಹಿಂದೆ ಉಳಿದದ್ದು ಒಂದು ದೊಡ್ಡ ಕಾರಣ. ಸಿಪಾಯಿಗೆ ಬಿಟ್ಟು ಬರಲು ಒಂದು ದೇಶವಿತ್ತು. ನಮ್ಮ ರೈತ ತನ್ನ ಊಟ, ಹೊಲ, ಕಟ್ಟೆಯ ಗೆಳೆಯರನ್ನು ಬಿಟ್ಟು ಎಲ್ಲಿಗೆ ಹೋಗಬೇಕು?

ಹಾಗಾಗಿ ನಾನು "ಬಿಡಿ" ಎನ್ನುವುದನ್ನು ಬಿಟ್ಟಿದ್ದೇನೆ. ಯಾವ ಹೊತ್ತಿಗೆ, ಯಾರ ಜೊತೆ, ಯಾವುದರ ಮೇಲೆ ಎಂದು ಕೇಳುತ್ತೇನೆ. ಡಬ್ಬಿ ಕಿಸೆಯಲ್ಲಿ ಬೇಡ, ಹೊಲದ ಮೋಟರ್ ಶೆಡ್ಡಿನಲ್ಲಿಡಿ ಎಂದಾಗ ದೇವಣಿಯ ರೈತರು ನಕ್ಕರು: "ಇದೇನ್ ಔಷಧಾನಾ ತಾಯಿ?" ಔಷಧವೇ. ತಲಬ್ ಏರಿ ಇಳಿಯಲು ಸಾಮಾನ್ಯವಾಗಿ ಕೆಲವು ನಿಮಿಷ ಸಾಕು, ಶೆಡ್ಡಿಗೆ ನಡೆಯಲೂ ಅಷ್ಟೇ ಬೇಕು. ಅವರು ಪೂರ್ತಿ ಬಿಟ್ಟಿಲ್ಲ. ರಾತ್ರಿ ಊಟದ ಮೇಲಿನದು ನಿಂತಿದೆ, ಕತ್ತಲಲ್ಲಿ ಹೊಲಕ್ಕೆ ಯಾರು ಹೋಗುತ್ತಾರೆ!

ಪುಡಿಕೆಯ ಮೇಲೇ ತಂಬಾಕು ಬಿಡಲು ನೆರವಾಗುವ 1800-11-2356 ಎಂಬ ಪುಕ್ಕಟೆ ಫೋನ್ ನಂಬರು ಅಚ್ಚಾಗಿರುತ್ತದೆ. ಆ ಸೇವೆಯಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಕೂಡ ಇದೆ, ಕನ್ನಡದಲ್ಲೇ ಮಾತಾಡಬಹುದು. 1956ರ ತನಕ ಬೀದರ ಜಿಲ್ಲೆಯಲ್ಲಿದ್ದ, ಇಂದಿಗೂ ಮನೆಯಲ್ಲಿ ಕನ್ನಡ, ಪ್ಯಾಟಿಯಲ್ಲಿ ಮರಾಠಿ ಆಡುವ ನಮ್ಮಂಥ ತಾಲೂಕಿನವರಿಗೆ ಇದು ಸಣ್ಣ ಮಾತಲ್ಲ. ತಲಬ್ ತಡೆಯಲು ಮೆಡಿಕಲ್‌ನಲ್ಲಿ ಸಿಗುವ 2 ಮಿಲಿಗ್ರಾಂ ನಿಕೋಟಿನ್ ಗಮ್ಮನ್ನು ಚಿಂಗಮ್ಮಿನಂತೆ ಒಂದೇ ಸಮನೆ ಜಗಿಯಬಾರದು. ಖಾರ ಹತ್ತಿದೊಡನೆ ಗಲ್ಲಕ್ಕೆ ಒತ್ತರಿಸಿ, ಖಾರ ಇಳಿದ ಮೇಲೆ ಮತ್ತೆ ಜಗಿಯಬೇಕು. ಅದಕ್ಕೆ ಕಾಲು ಗಂಟೆ ಮುಂಚೆ ಕಾಫಿ, ಕೋಲಾ, ಲಿಂಬು ಶರಬತ್ತು ಬೇಡ. ಸುಣ್ಣ ನಿಕೋಟಿನ್ನಿಗೆ ದಾರಿ ಬಿಟ್ಟರೆ ಹುಳಿ ಅಡ್ಡಗಟ್ಟುತ್ತದೆ. ಬಸುರಿಯರು, ಹೃದಯದ ತೊಂದರೆ ಇದ್ದವರು ಡಾಕ್ಟರರನ್ನು ಕೇಳಿಯೇ ತೆಗೆದುಕೊಳ್ಳಿ. ಬಾಯೊಳಗೆ ಬಿಳಿ ಮಚ್ಚೆ, ಅಥವಾ ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ಮಾತ್ರ ಗಮ್ಮು, ಫೋನು ಎಲ್ಲ ಆಮೇಲೆ. ಮೊದಲು ಬಂದು ಬಾಯಿ ತೋರಿಸಿ.