ಓಝೋನ್ ಒಡಂಬಡಿಕೆ ಮತ್ತು ಶೀತಲಗೃಹದ ಲೆಕ್ಕ

ಪರಿಸರ ಒಪ್ಪಂದಗಳು ರಾಯಭಾರಿಗಳಿಗೆ ಸೇರಿದ ವಿಷಯವೆಂಬ ಭಾವನೆ ವರ್ತಕರಲ್ಲಿದೆ. 1987ರ ಮಾಂಟ್ರಿಯಲ್ ಒಡಂಬಡಿಕೆ ಇದಕ್ಕೆ ಅಪವಾದ. ಅದರ ಬಲವಿರುವುದು ನಾಲ್ಕನೆಯ ವಿಧಿಯಲ್ಲಿ: ಓಝೋನ್ ಪದರವನ್ನು ಸವೆಸುವ ರಾಸಾಯನಿಕಗಳ ವ್ಯಾಪಾರವನ್ನು ಸದಸ್ಯರಲ್ಲದ ದೇಶಗಳೊಡನೆ ನಡೆಸುವಂತಿಲ್ಲ. ಹೊರಗುಳಿದವರಿಗೆ ಮಾರುಕಟ್ಟೆಯೇ ಇಲ್ಲ! ಅಭಿವೃದ್ಧಿಶೀಲ ದೇಶಗಳ ಉದ್ದಿಮೆಗಳ ಪರಿವರ್ತನೆಗೆ ಬಹುಪಕ್ಷೀಯ ನಿಧಿ ಏರ್ಪಟ್ಟ ನಂತರ, 1992ರಲ್ಲಿ, ಭಾರತವೂ ಸೇರಿತು.

ಸಿಎಫ್‌ಸಿಗಳ ಕಾಲ 2010ಕ್ಕೆ ಮುಗಿಯಿತು. ಈಗಿನ ಸರದಿ ಆರ್-22 ಅನಿಲದ್ದು. ಹಳೆಯ ಹವಾನಿಯಂತ್ರಕಗಳಲ್ಲಿಯೂ ಶೀತಲಗೃಹಗಳಲ್ಲಿಯೂ ಇನ್ನೂ ಉಳಿದಿರುವ ಈ ಶೈತ್ಯಕದ ಪೂರೈಕೆ 2030ಕ್ಕೆ ನಿಲ್ಲಬೇಕು. ಅನಂತರ 2040ರವರೆಗೆ ದುರಸ್ತಿಗೆಂದು ಬಿಟ್ಟಿರುವುದು ಮೂಲ ಪ್ರಮಾಣದ ಸರಾಸರಿ ಶೇ. 2.5 ಮಾತ್ರ. ಅಗ್ಗವೆಂದು ಇಂದು ಹಳೆಯ ಯಂತ್ರವನ್ನು ಕೊಳ್ಳುವವರು ಅನಿಲದ ಮುಂದಿನ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯುವುದು ಲೇಸು.

ಬದಲಿಯಾಗಿ ಬಂದ ಎಚ್‌ಎಫ್‌ಸಿಗಳೂ ನಿಶ್ಚಿಂತವಲ್ಲ. ಅವು ಓಝೋನನ್ನು ಕೆಡಿಸುವುದಿಲ್ಲವಾದರೂ ಭೂಮಿಯ ತಾಪವನ್ನು ತೀವ್ರವಾಗಿ ಏರಿಸುತ್ತವೆ. 2016ರ ಕಿಗಾಲಿ ತಿದ್ದುಪಡಿಯನ್ನು 2021ರಲ್ಲಿ ಅನುಮೋದಿಸಿದ ಭಾರತವು 2028ರಲ್ಲಿ ಅವುಗಳ ಬಳಕೆಯನ್ನು ಸ್ಥಗಿತ ಮಟ್ಟದಲ್ಲಿರಿಸಿ, 2032ರಿಂದ ಹಂತಹಂತವಾಗಿ ತಗ್ಗಿಸುತ್ತ, 2047ರೊಳಗೆ ಶೇ. 85ರಷ್ಟು ಕಡಿತಗೊಳಿಸಬೇಕಿದೆ. ಅಮೋನಿಯಾ ಬಳಸುವ ಶೀತಲಗೃಹಗಳಿಗೆ ಮಾತ್ರ ಈ ಗಡುವುಗಳ ಬಾಧೆಯಿಲ್ಲ. ಸೋರಿಕೆಯ ಭಯ ಅವುಗಳಿಗೆ ಇದ್ದೇ ಇದೆ.